ಅಪ್ಪನ ಜೀಪು, ಬಿಡದ ಬೋಲ್ಟು

ನಮ್ಮಪ್ಪನ ಜೀಪು ಹೊಂಗೆ ಮರದ ಕೆಳಗೆ ನಿಂತು ಹದಿನೆಂಟು ವರ್ಷ ಆಗಿತ್ತು. ಮಹೀಂದ್ರದವರು ಮಾಡಿದ 1972ರ ಪೆಟ್ರೋಲ್ ಜೀಪು. ಅಮೆರಿಕದಲ್ಲಿ 1953ರಲ್ಲಿ ಬಂದ ವಿಲ್ಲೀಸ್ ಸಿಜೆ-3ಬಿ ಮಾದರಿ. ಬಾನೆಟ್ಟು ಎತ್ತರ ಇರುತ್ತಲ್ಲ, ಅದೇ. ಶೇಂಗಾ ಮೂಟೆ ಚಳ್ಳಕೆರೆಗೆ ಹೋಗಿದ್ದು, ನನ್ನ ಮದುವೆ ದಿಬ್ಬಣ ಬಂದಿದ್ದು ಎಲ್ಲ ಅದರಲ್ಲೇ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ. ಮಗ "ಕೊಟ್ಟು ಕೈ ತೊಳ್ಕೊಳ್ಳಪ್ಪ" ಅಂದ. ಮನಸ್ಸು ಒಪ್ಪಲಿಲ್ಲ. ಕಳೆದ ಬೇಸಿಗೆ ಹೊಲದಲ್ಲಿ ಕೆಲಸ ಇರಲಿಲ್ಲ. ನಾನೇ ಬಿಚ್ಚೋಕೆ ಕೂತೆ.

ನಾನು ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ಟು, ಕೂರಿಗೆ, ಕಲ್ಟಿವೇಟರು ಬಿಚ್ಚಿ ಕಟ್ಟಿ ರೂಢಿ, ಅಷ್ಟೇ. ಆ ಧೈರ್ಯದಲ್ಲೇ ಮೊದಲ ದಿನ ಎಡವಟ್ಟು ಮಾಡಿಕೊಂಡೆ. ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡನ್ನು ಇಂಜಿನ್ ಬ್ಲಾಕಿಗೆ ಹಿಡಿದಿರುವ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪಾನರಿಗೆ ನಾಲ್ಕಡಿ ಪೈಪು ಸಿಕ್ಕಿಸಿ ಜಗ್ಗಿದೆ. ಟಕ್ ಅಂತು. ಬಿಟ್ಟಿತು ಅಂತ ಖುಷಿಪಟ್ಟೆ. ನೋಡಿದರೆ ನಟ್ಟಿನ ಸಮೇತ ಸ್ಟಡ್ಡೇ ಮುರಿದು ಕೈಗೆ ಬಂದಿತ್ತು. ಉಳಿದರ್ಧ ಬ್ಲಾಕಿನೊಳಗೆ. ಎರಡು ನಿಮಿಷದ ಆತುರಕ್ಕೆ ಮೂರು ದಿನದ ಕೆಲಸ ಮೈಮೇಲೆ ಬಂತು.

ತುಕ್ಕು ಅಂದರೆ ಬರೀ ಕೆಂಪು ಪುಡಿಯಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತೆ. ನಟ್ಟಿನೊಳಗೆ ಎಲ್ಲಿದೆ ಜಾಗ? ಉಬ್ಬಿ ಉಬ್ಬಿ ಬೆಣೆ ಹೊಡೆದ ಹಾಗೆ ಥ್ರೆಡ್ಡನ್ನು ಕಚ್ಚಿಕೊಳ್ಳುತ್ತೆ. ಒಣಗಿ ಬಿರುಸಾದ ಎರೆ ಹೊಲಕ್ಕೆ ಎತ್ತು ಹೂಡಿದರೆ ನೇಗಿಲು ಮುರಿಯುತ್ತೆ, ಹದ ಬರೋವರೆಗೂ ಕಾಯ್ತೀವಿ. ಹೊಲದಲ್ಲಿ ಗೊತ್ತಿದ್ದದ್ದು ಜೀಪಿನ ಹತ್ತಿರ ಮರೆತೆ.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡು ಉಜ್ಜೋದು. ನಟ್ಟು ಅದರ ಮೇಲೇ ಹಾದು ಹೊರಗೆ ಬರಬೇಕಲ್ಲ. ಆಮೇಲೆ ಎಣ್ಣೆ. ಅಂಗಡಿಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಸಿಗುತ್ತೆ. ಅಸಿಟೋನು, ಪವರ್ ಸ್ಟೇರಿಂಗಿಗೆ ಹಾಕುವ ಕೆಂಪು ಎಣ್ಣೆ ಸಮ ಸಮ ಬೆರೆಸಿಯೂ ಹಾಕ್ತಾರೆ. ನಾನು ಹಾಗೇ ಮಾಡಿದೆ. ಎರಡೂ ಬೇರೆ ಬೇರೆ ನಿಲ್ಲುತ್ತವೆ, ಪ್ರತಿ ಸಲ ಅಲ್ಲಾಡಿಸಿ ಹಾಕಬೇಕು. ಬೆಳಿಗ್ಗೆ ಸಂಜೆ ನಾಲ್ಕು ನಾಲ್ಕು ಹನಿ, ಮೂರು ದಿನ. ಹನಿ ಹಾಕಿದಾಗೆಲ್ಲ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಎರಡು ಏಟು. ಆ ಅದುರಿಗೆ ತುಕ್ಕು ಸೀಳಿ ಎಣ್ಣೆಗೆ ದಾರಿ ಆಗುತ್ತೆ.

ಸ್ಪಾನರಿನ ವಿಷಯ ಬಿಡಿಸಿ ಹೇಳಬೇಕು. ಈ ಜೀಪಿನದು ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿ.ಮೀ. ನಮ್ಮ ಮನೆಯ 13ರ ಸ್ಪಾನರು ಕೂತ ಹಾಗೆ ಕಾಣುತ್ತೆ, ಜೋರು ಕೊಟ್ಟರೆ ಮೂಲೆ ಸವೆದು ಗುಂಡಗಾಗುತ್ತೆ. 9/16 ಇಂಚಿನದಕ್ಕೆ 14 ಕೂರೋದೇ ಇಲ್ಲ, 15 ಲೊಡ ಲೊಡ ಅನ್ನುತ್ತೆ. ಹಳೇ ಸಾಮಾನಿನ ಅಂಗಡಿಯಲ್ಲಿ ಇಂಚಿನ ಬಾಕ್ಸ್ ಸ್ಪಾನರ್ ಸೆಟ್ಟು ಹುಡುಕಿ ತಂದೆ. ಒಳಗೆ ಆರೇ ಮೂಲೆ ಇರುವಂಥದ್ದು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯ ಮೇಲೆ ಜಾರುತ್ತೆ. ಬಾಯಿ ತೆರೆದ ಸ್ಪಾನರನ್ನಂತೂ ಇಂಥ ಕೆಲಸಕ್ಕೆ ಮುಟ್ಟಲೇಬಾರದು.

ತಿರುಗಿಸುವಾಗ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಆಮೇಲೆ ಸಡಿಲ. ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ, ಮತ್ತೆ ಎಣ್ಣೆ. ಒಂದೇ ಸಮ ಹೊರಗೆ ತಿರುಗಿಸುತ್ತ ಹೋದರೆ ತುಕ್ಕಿನ ಪುಡಿ ಸೇರಿಕೊಂಡು ಮತ್ತೆ ಹಿಡಿಯುತ್ತೆ.

ಚಕ್ರದ ನಟ್ಟಿನ ಗುಟ್ಟು

ಬಲಗಡೆಯ ಎರಡು ಚಕ್ರ ಬಂದವು. ಎಡಗಡೆಯವು ಜಗ್ಗಲಿಲ್ಲ. ಎರಡು ದಿನ ಒದ್ದಾಡಿ ಒಂದು ಸ್ಟಡ್ಡು ಮುರಿದೂ ಆಯ್ತು. ಹಿರಿಯೂರಿನ ಹಳೇ ಮೇಸ್ತ್ರಿ ಒಬ್ಬರನ್ನು ಕರೆತಂದೆ. ಎರಡು ನಿಮಿಷ ನಿಂತು ನೋಡಿದರು. "ಗೌಡ್ರೆ, ಬಿಚ್ತಾ ಇದೀರೋ, ಬಿಗಿ ಮಾಡ್ತಾ ಇದೀರೋ?" ಅಂದರು. ಸ್ಟಡ್ಡಿನ ತುದಿ ಉಜ್ಜಿ ತೋರಿಸಿದರು, ಇಂಗ್ಲಿಷಿನ 'ಎಲ್' ಅಕ್ಷರ. ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡು. ಓಡುವಾಗ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದು. ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿದರು, ಬಂತು. ನಾನು ಎರಡು ದಿನ ಬಿಗಿ ಮಾಡ್ತಿದ್ದೆ! ಮಗ ಈಗಲೂ ನೆಂಟರಿಗೆಲ್ಲ ಹೇಳಿ ನಗ್ತಾನೆ.

ಬೆಂಕಿ ಮತ್ತು ಮೇಣ

ಎಣ್ಣೆಗೆ ಬಗ್ಗದ್ದಕ್ಕೆ ಬೆಂಕಿ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸೋದು ನೋಡಿದವರಿಗೆ ಇದು ಸುಲಭ. ಕಾದ ಪಟ್ಟಿ ಹಿಗ್ಗಿ ಗಾಲಿ ಮೇಲೆ ಕೂರುತ್ತೆ. ಹಾಗೇ ಇಲ್ಲಿ ನಟ್ಟನ್ನು ಕಾಯಿಸಬೇಕು, ಬೋಲ್ಟನ್ನಲ್ಲ. ಬಿಸಿ ಇರುವಾಗಲೇ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುತ್ತೆ. ಮ್ಯಾನಿಫೋಲ್ಡಿನ ಉಳಿದ ನಟ್ಟುಗಳೆಲ್ಲ ಹೀಗೇ ಬಂದವು.

ಬೆಂಕಿ ಹಚ್ಚುವ ಮೊದಲು ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಡಿ, ಅಸಿಟೋನ್ ಬಾಟಲಿಯನ್ನೂ. ಎಣ್ಣೆ ಹಾಕಿದ ಜಾಗವನ್ನು ಚೆನ್ನಾಗಿ ಒರೆಸಿ, ಆರಲು ಬಿಡಿ. ಟೈರು ಇರುವ ಚಕ್ರದ ನಟ್ಟಿಗೆ ಮಾತ್ರ ಯಾವ ಕಾರಣಕ್ಕೂ ಬೆಂಕಿ ಬೇಡ. ಒಳಗಿನ ಗಾಳಿ ಕಾದು ಟೈರು ಸಿಡಿದರೆ ಪ್ರಾಣಕ್ಕೇ ಕುತ್ತು. ಸ್ಪ್ರಿಂಗ್ ಪಟ್ಟಿಯ ಯು-ಬೋಲ್ಟು ಕಾಯಿಸಿದರೆ ಅದರ ಹದ ಹೋಗುತ್ತೆ, ಕತ್ತರಿಸಿ ಹೊಸದೇ ಹಾಕಿ.

ಬ್ಲಾಕಿನೊಳಗೆ ಉಳಿದ ಸ್ಟಡ್ಡು? ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಹಾಕೋಣ ಅಂತಿದ್ದೆ. ಮೇಸ್ತ್ರಿ ಬೇಡ ಅಂದರು. ಅದು ಗಟ್ಟಿ ಉಕ್ಕು, ಒಳಗೇ ಮುರಿದರೆ ಡ್ರಿಲ್ಲೂ ಇಳಿಯೋಲ್ಲ, ಬ್ಲಾಕೇ ಹೋದ ಹಾಗೆ. ಪುಣ್ಯಕ್ಕೆ ಒಂದು ಬೆರಳು ದಪ್ಪದಷ್ಟು ಹೊರಗೆ ಉಳಿದಿತ್ತು. ಅದರ ಮೇಲೆ ಹೊಸ ನಟ್ಟು ಇಟ್ಟು ಒಳಗಿನಿಂದ ವೆಲ್ಡಿಂಗ್ ಮಾಡಿಸಿದರು. ಎರಡು ಸಲ ವೆಲ್ಡಿಂಗೇ ಕಿತ್ತು ಬಂತು. ಮೂರನೇ ಸಲ ಸ್ವಲ್ಪ ಆರಲು ಬಿಟ್ಟು, ಮೇಣ ತಾಗಿಸಿ, ಹಿಂದೆ ಮುಂದೆ ಆಡಿಸಿದಾಗ ಕಿರ್ ಅಂತ ಸದ್ದು ಬಂತು. ನನ್ನ ಎದೆ ಢವಗುಟ್ಟಿತು. ಮೇಸ್ತ್ರಿ ಮಾತಾಡದೆ ತಿರುಗಿಸುತ್ತಲೇ ಇದ್ದರು. ಐದು ನಿಮಿಷದಲ್ಲಿ ಪೂರಾ ಸ್ಟಡ್ಡು ಅವರ ಅಂಗೈಲಿತ್ತು.

ವಾಪಸ್ ಕಟ್ಟುವಾಗ ಅಲ್ಲಿಗೆ ಹಿತ್ತಾಳೆ ನಟ್ಟು ಹಾಕಿದೆವು, ಅದು ತುಕ್ಕು ಹಿಡಿದು ಕಚ್ಚೋಲ್ಲ. ಉಳಿದ ಕಡೆ ಥ್ರೆಡ್ಡಿಗೆ ಗ್ರೀಸು. ಚಕ್ರದ ನಟ್ಟಿಗೆ ಮಾತ್ರ ಒಣಗಿದ್ದೇ ಸರಿ. ಅಲ್ಲಿ ಗ್ರೀಸು ಹಚ್ಚಿದರೆ ಗೊತ್ತಿಲ್ಲದೆ ಅತಿ ಬಿಗಿಯಾಗಿ ಸ್ಟಡ್ಡು ಎಳೆದುಕೊಳ್ಳುತ್ತೆ.

ಇಂಜಿನ್ನು ಯುಗಾದಿ ಆದಮೇಲೆ ಶುರುವಾಯ್ತು. ಹಿಂದಿನ ಸ್ಪ್ರಿಂಗಿನ ಒಂದು ಬೋಲ್ಟು ಇನ್ನೂ ಬಂದಿಲ್ಲ. ಈ ಹೊತ್ತು ಬೆಳಿಗ್ಗೆಯೂ ನಾಲ್ಕು ಹನಿ ಹಾಕಿ ಬಂದಿದ್ದೀನಿ.