ಆಡುವ ಮಕ್ಕಳ ಹಿಮ್ಮಡಿ ನೋವು: ನೆಪವೆಂದು ತಳ್ಳಿಹಾಕಬೇಡಿ

ಶಾಲಾ ಕ್ರೀಡಾಕೂಟ ಹತ್ತಿರ ಬಂದಂತೆ ನಿಮ್ಮ ಮಗನೋ ಮಗಳೋ "ಹಿಮ್ಮಡಿ ನೋಯುತ್ತಿದೆ" ಎನ್ನುತ್ತಾರೆಯೇ? ಅಭ್ಯಾಸ ತಪ್ಪಿಸಲು ಹೇಳುವ ನೆಪವೆಂದು ಗದರಿಸಬೇಡಿ. ಸುಮಾರು 8ರಿಂದ 14ರ ವಯಸ್ಸಿನ, ಹೆಚ್ಚು ಓಡುವ ಮತ್ತು ಜಿಗಿಯುವ ಮಕ್ಕಳಲ್ಲಿ ಇದು ಸಾಮಾನ್ಯ. ವೈದ್ಯರು ಇದನ್ನು 'ಸೀವರ್ಸ್ ಕಾಯಿಲೆ' ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಹಿಮ್ಮಡಿ ಮೂಳೆಯ ಬೆಳವಣಿಗೆ ಮುಗಿದಾಗ ಈ ತೊಂದರೆಯೂ ಮುಗಿಯುತ್ತದೆ. ಆದರೆ ಅಲ್ಲಿಯವರೆಗೆ ಮಗು ನೋವು ನುಂಗಿಕೊಂಡು ಆಡಬೇಕಾಗಿಲ್ಲ.

ನೋವಿಗೆ ಕಾರಣ

ಈ ವಯಸ್ಸಿನಲ್ಲಿ ಮೂಳೆಗಳು ಬೇಗ ಉದ್ದವಾಗುತ್ತವೆ. ಮೀನಖಂಡದ ಸ್ನಾಯುಗಳು ಅದೇ ವೇಗದಲ್ಲಿ ಹಿಗ್ಗದೆ ಬಿಗಿಯಾಗುತ್ತವೆ. ಪಾದದ ಗಂಟು ಸರಿಯಾಗಿ ಬಾಗುವುದಿಲ್ಲ. ಪ್ರತಿ ಹೆಜ್ಜೆಗೂ ಹಿಮ್ಮಡಿಯ ಎಳೆಯ ಮೂಳೆಯ ಮೇಲೆ ಎಳೆತ ಬೀಳುತ್ತದೆ. ಸಿಮೆಂಟು ನೆಲದಲ್ಲಿ ಬರಿಗಾಲಿನ ಓಟ, ಸವೆದ ಶೂ, ವಿಶ್ರಾಂತಿಯಿಲ್ಲದ ಅಭ್ಯಾಸ ಇವೆಲ್ಲ ನೋವನ್ನು ಹೆಚ್ಚಿಸುತ್ತವೆ.

ಮನೆಯಲ್ಲೇ ಪರೀಕ್ಷಿಸಿ

ಮಗುವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಹಿಮ್ಮಡಿ ಎತ್ತದೆ, ಮೊಣಕಾಲು ಬಾಗಿಸಿ ಗೋಡೆಗೆ ತಾಗಿಸಲು ಹೇಳಿ. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತ, ಎಷ್ಟು ದೂರದವರೆಗೆ ಸಾಧ್ಯವೆಂದು ನೋಡಿ. ಎರಡು ಕಾಲುಗಳ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಗಂಟು ಬಿಗಿಯಾಗಿದೆ ಎಂದರ್ಥ. ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರಲಾಗದಿದ್ದರೂ ಗಂಟಿನ ಬಿಗಿತವೇ ಕಾರಣವಾಗಿರಬಹುದು.

ಮೂರು ವ್ಯಾಯಾಮಗಳು

ಇವಕ್ಕೆ ಮೈದಾನವೂ ಬೇಡ, ಸಲಕರಣೆಯೂ ಬೇಡ.

1. ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಡಲಿ. ಆ ಕಾಲಿನ ಮೊಣಕಾಲು ನೇರವಾಗಿರಲಿ, ಹಿಮ್ಮಡಿ ನೆಲದಲ್ಲಿರಲಿ. 30 ಸೆಕೆಂಡು ಹಾಗೇ ನಿಲ್ಲಲಿ. ಪ್ರತಿ ಕಾಲಿಗೆ 3 ಸಲ.

2. ಅದೇ ಭಂಗಿಯಲ್ಲಿ ಹಿಂದಿನ ಮೊಣಕಾಲನ್ನು ತುಸು ಬಾಗಿಸಲಿ. ಮೀನಖಂಡದ ಒಳಪದರದ ಸ್ನಾಯು ಹಿಗ್ಗುವುದು ಹೀಗೆಯೇ.

3. ಎರಡೂ ಕಾಲಿನ ತುದಿಬೆರಳುಗಳ ಮೇಲೆ ನಿಧಾನವಾಗಿ ಏರಿ, ಇನ್ನೂ ನಿಧಾನವಾಗಿ ಇಳಿಯಲಿ. 10 ಸಲದಂತೆ 2 ಸುತ್ತು, ದಿನ ಬಿಟ್ಟು ದಿನ. ಕೆಲವು ವಾರಗಳಲ್ಲಿ ಸುಲಭವಾದರೆ ಒಂದೇ ಕಾಲಿನಲ್ಲಿ ಮಾಡಬಹುದು.

ಎಳೆತ ಅನಿಸಬೇಕು, ನೋವಾಗಬಾರದು. ನೋವಾದರೆ ಅಲ್ಲಿಗೇ ನಿಲ್ಲಿಸಿ. ಆಟಕ್ಕೆ ಮೊದಲು ನಿಧಾನ ನಡಿಗೆ, ಹಗುರ ಓಟದಿಂದ ಮೈ ಬಿಸಿಯಾಗಲಿ. ನೋವಿರುವ ದಿನಗಳಲ್ಲಿ ಓಟ, ಜಿಗಿತ ಕಡಿಮೆ ಮಾಡಿ. ಹಿಮ್ಮಡಿಗೆ ಮೆತ್ತೆಯಿರುವ ಶೂ ಕೊಡಿಸಿ. ಆಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಡಿ.

ವೈದ್ಯರಿಗೆ ತೋರಿಸಬೇಕಾದಾಗ

ಬಾವು, ಕೆಂಪಾಗುವುದು, ಜ್ವರ, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ ಅಥವಾ ಕಾಲೂರಲು ಆಗದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಉಳುಕು ತೆಗೆಸುತ್ತೇವೆಂದು ಕಾಲು ತಿರುಚಿಸಲೂಬೇಡಿ. ಮೂಳೆ ತಜ್ಞರಿಗೆ ತೋರಿಸಿ. ಕೆಲವು ವಾರಗಳ ವಿಶ್ರಾಂತಿಯಿಂದ ಒಂದು ಪಂದ್ಯ ತಪ್ಪಬಹುದು. ಆದರೆ ನೋವಿನಿಂದಾಗಿ ಮಗು ಆಟವನ್ನೇ ಬಿಟ್ಟುಬಿಡುವುದು ತಪ್ಪುತ್ತದೆ.