ಹೈಪೋಕ್ಲೋರೈಟ್: ಯಾವ ಕೆಲಸಕ್ಕೆ ಎಷ್ಟು ಸಾರತೆ?

ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಕ್ಲೋರಿನ್ ಅನಿಲ ಹಾಯಿಸಿದರೆ ಸೋಡಿಯಂ ಹೈಪೋಕ್ಲೋರೈಟ್ ಸಿಗುತ್ತದೆ. ಕಾರ್ಖಾನೆಯ ದ್ರಾವಣದ ಸಾರತೆ ಸಾಮಾನ್ಯವಾಗಿ ಶೇ. 10ರಿಂದ 15, ಮನೆಬಳಕೆಯ ಬಾಟಲಿಯಲ್ಲಿ ಶೇ. 5ರ ಆಸುಪಾಸು. ಇವೆರಡರಲ್ಲಿ ಯಾವುದನ್ನೂ ಇದ್ದ ಹಾಗೆಯೇ ಸೋಂಕುನಿವಾರಣೆಗೆ ಬಳಸಬೇಕಾಗಿಲ್ಲ.

ರೋಗಾಣುಗಳನ್ನು ಮುಖ್ಯವಾಗಿ ಕೊಲ್ಲುವುದು ಹೈಪೋಕ್ಲೋರೈಟ್ ಅಯಾನು ಅಲ್ಲ, ಅದು ನೀರಿನಲ್ಲಿ ಮಾರ್ಪಟ್ಟು ಆಗುವ ಹೈಪೋಕ್ಲೋರಸ್ ಆಮ್ಲ. ಈ ಆಮ್ಲದ ಅಣುವಿಗೆ ವಿದ್ಯುದಾವೇಶವಿಲ್ಲ. ಹಾಗಾಗಿ ಜೀವಕೋಶದ ಹೊರಪೊರೆಯನ್ನು ಸುಲಭವಾಗಿ ದಾಟುತ್ತದೆ. ಋಣಾವೇಶದ ಅಯಾನಿಗೆ ಅದು ಕಷ್ಟ. ನೀರಿನ ಪಿಎಚ್ 7.5ರ ಬಳಿ ಇದ್ದಾಗ ಎರಡೂ ಸರಿಸುಮಾರು ಅರ್ಧರ್ಧ ಇರುತ್ತವೆ, ಪಿಎಚ್ 8.5ಕ್ಕೆ ಏರಿದರೆ ಆಮ್ಲದ ಪಾಲು ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಬೇಗ ಕೆಡದಿರಲೆಂದು ಬಾಟಲಿಯ ದ್ರಾವಣವನ್ನು ತೀರಾ ಕ್ಷಾರೀಯವಾಗಿಯೇ ಇಡುತ್ತಾರೆ. ಅದು ಚರ್ಮವನ್ನು ಸುಡುತ್ತದೆ, ಲೋಹವನ್ನು ತಿನ್ನುತ್ತದೆ. ಆದರೆ ಅದರಲ್ಲಿರುವ ಕ್ಲೋರಿನ್ನಿನ ಬಹುಪಾಲು ದುರ್ಬಲ ರೂಪದಲ್ಲೇ ಇರುತ್ತದೆ. ಗಟ್ಟಿಯಾಗಿ ಸುರಿದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು, ಅಪಾಯಕಾರಿ ಕೂಡ.

ಕುಡಿಯುವ ನೀರಿಗೆ ಬೇಕಾದದ್ದು ಅತ್ಯಲ್ಪ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಬೆರೆಸಿದ ನೀರು ಬಳಕೆದಾರರನ್ನು ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 5 ಮಿಲಿಗ್ರಾಂ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸೋಡಿಯಂ ಹೈಪೋಕ್ಲೋರೈಟಿನ ಹತ್ತಿರದ ಬಂಧು. ತಾಜಾ ಪುಡಿಯಲ್ಲಿ ಸುಮಾರು ಶೇ. 33 ಕ್ಲೋರಿನ್ ಇರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಬೆರೆಸಿದರೆ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಸೇರಿದಂತೆ. ನೀರು ತಿಳಿಯಾಗಿರಬೇಕು, ಕನಿಷ್ಠ ಅರ್ಧ ಗಂಟೆ ಬಿಡಬೇಕು.

ಮೇಲ್ಮೈಗಳ ಲೆಕ್ಕ ಬೇರೆ. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಮೇಲ್ಮೈಗೆ ಶೇ. 0.1, ರಕ್ತ ಚೆಲ್ಲಿದ ಜಾಗಕ್ಕೆ ಶೇ. 0.5 ಸೂಚಿಸಿತು. ರಕ್ತ, ಕೆಸರು, ಮಲದಂಥ ಸಾವಯವ ಪದಾರ್ಥಗಳು ಕ್ಲೋರಿನ್ನನ್ನು ತಾವೇ ನುಂಗಿಬಿಡುವುದರಿಂದ ಈ ವ್ಯತ್ಯಾಸ. ಮೊದಲು ಕೊಳೆ ಒರೆಸಿ ತೊಳೆಯುವುದು ಅದಕ್ಕೇ ಅಷ್ಟು ಮುಖ್ಯ. ಶೇ. 5ರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಶೇ. 0.5, ನಲವತ್ತೊಂಬತ್ತು ಪಾಲು ಸೇರಿಸಿದರೆ ಶೇ. 0.1. ಶೇ. 0.5 ಎಂದರೆ ಲೀಟರಿಗೆ 5,000 ಮಿಲಿಗ್ರಾಂ, ಅಂದರೆ ನಳದ ನೀರಿನಲ್ಲಿ ಉಳಿಯುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ‘ಶೇಕಡಾ’ ಮತ್ತು ‘ಮಿಲಿಗ್ರಾಂ’ ಅದಲುಬದಲಾದರೆ ಆಗುವ ಅನಾಹುತ ಸಣ್ಣದಲ್ಲ.

ಮೈಗೆ ತಾಗುವ ಕಡೆ ಇನ್ನೂ ಎಚ್ಚರ ಬೇಕು. ಮೊದಲ ಮಹಾಯುದ್ಧದಲ್ಲಿ ಕೊಳೆತ ಗಾಯಗಳನ್ನು ತೊಳೆಯಲು ರಸಾಯನತಜ್ಞ ಹೆನ್ರಿ ಡೇಕಿನ್ ಸುಮಾರು ಶೇ. 0.5ರ ದ್ರಾವಣ ರೂಪಿಸಿದ. ಅದರ ಕ್ಷಾರವನ್ನು ತಗ್ಗಿಸಿದ್ದರಿಂದಲೇ ಗಾಯದ ಸುತ್ತಲಿನ ಅಂಗಾಂಶ ಅದನ್ನು ತಾಳಿಕೊಂಡಿತು. ಬಾಟಲಿಯ ಬ್ಲೀಚ್‌ಗೆ ಬರಿಯ ನೀರು ಬೆರೆಸಿ ಗಾಯಕ್ಕೆ ಹಚ್ಚುವಂತಿಲ್ಲ.

ಬೆಳಕು, ಶಾಖ ತಗುಲಿದಂತೆ ದ್ರಾವಣದ ಬಲ ಕುಗ್ಗುತ್ತದೆ. ಹಳೆಯ ಬಾಟಲಿಯ ಮೇಲೆ ಮುದ್ರಿಸಿದ ಶೇಕಡಾವಾರು ನಂಬಲರ್ಹವಲ್ಲ. ತೆಳುಗೊಳಿಸಿದ್ದನ್ನು ಅಂದೇ ಬಳಸಿ ಮುಗಿಸಬೇಕು. ಟಾಯ್ಲೆಟ್ ತೊಳೆಯುವ ಆಮ್ಲದೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ, ಅಮೋನಿಯಾದೊಂದಿಗೆ ಬೆರೆತರೆ ಉಸಿರಾಟಕ್ಕೆ ಕುತ್ತು ತರುವ ಕ್ಲೋರಮೀನ್ ಹೊಮ್ಮುತ್ತವೆ. ಆದ್ದರಿಂದ ಇದನ್ನು ತಣ್ಣೀರಿನ ಹೊರತು ಬೇರಾವುದರಲ್ಲೂ ಬೆರೆಸಬಾರದು.