ಹುಟ್ಟು ನೋಡಿ ಓಟು ಬೀಳುತ್ತದೆಯೇ? ಬರ್ಗೂರಿನಿಂದ ಅಮೆರಿಕದವರೆಗೆ ಒಂದು ನೋಟ



ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ‘ನಮ್ಮ ಭಾಷೆಯವರು ನಿಂತರೆ ಇಲ್ಲಿ ಗೆಲ್ಲೋದು ಕಷ್ಟ’ ಎಂಬುದು ಒಂದು. ‘ಹೆಂಗಸರಿಗೆ ಟಿಕೆಟ್ ಕೊಟ್ಟರೆ ಸೀಟು ಕೈಬಿಟ್ಟ ಹಾಗೆ’ ಎಂಬುದು ಇನ್ನೊಂದು. ಹೊಸೂರಿನ ಚಹಾ ಅಂಗಡಿಯಲ್ಲೂ ಈ ಮಾತಿದೆ, ಡೆಂಕಣಿಕೋಟೆಯ ಮದುವೆ ಮನೆಯಲ್ಲೂ ಇದೆ. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವಾಗಲೂ ಇದೇ ಚರ್ಚೆ ನಡೆಯುತ್ತದೆ: ಕಪ್ಪು ವರ್ಣದವರಿಗೆ ಬಿಳಿಯರು ಓಟು ಹಾಕುತ್ತಾರೆಯೇ? ಹೆಂಗಸಿಗೆ ಗಂಡಸರು ಹಾಕುತ್ತಾರೆಯೇ? ಹೋಗಲಿ, ಹೆಂಗಸರಾದರೂ ಹಾಕುತ್ತಾರೆಯೇ?

ಈ ಮಾತುಗಳಲ್ಲಿ ನಿಜವೆಷ್ಟು ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ನಮ್ಮ ಕೃಷ್ಣಗಿರಿ ಜಿಲ್ಲೆಯ ಬರ್ಗೂರು ಕ್ಷೇತ್ರದಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆ ಇದೆ. ನಮ್ಮ ಸಂಘ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಇಲ್ಲಿ ಬರುವ ಪಕ್ಷಗಳ ಹೆಸರುಗಳು ವಿಷಯ ತಿಳಿಸಲಿಕ್ಕೆ ಮಾತ್ರ.

ಪ್ರೈಮರಿ ಎಂದರೇನು?

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ನಾಯಕರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಅದನ್ನೂ ಮತದಾರರೇ ತೀರ್ಮಾನಿಸುತ್ತಾರೆ. ಮುಖ್ಯ ಚುನಾವಣೆಗೆ ಕೆಲವು ತಿಂಗಳು ಮೊದಲು, ಒಂದೊಂದು ರಾಜ್ಯದಲ್ಲೂ ಪಕ್ಷದ ಬೆಂಬಲಿಗರು ‘ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು’ ಎಂದು ಓಟು ಹಾಕುತ್ತಾರೆ. ಇದೇ ಪ್ರೈಮರಿ. ಕೆಲವು ರಾಜ್ಯಗಳಲ್ಲಿ ಸಭೆ ಸೇರಿ ಆರಿಸುವ ಪದ್ಧತಿಯಿದೆ, ಅದಕ್ಕೆ ಕಾಕಸ್ ಎನ್ನುತ್ತಾರೆ. ಈಗಿನ ರೂಪದ ಪ್ರೈಮರಿ ಪದ್ಧತಿ ಬಲಗೊಂಡಿದ್ದು 1972ರಿಂದ ಈಚೆಗೆ.

ಅದೇ 1972ರಲ್ಲಿ ಶರ್ಲಿ ಚಿಶಮ್ ಎಂಬ ಕಪ್ಪು ವರ್ಣದ ಮಹಿಳೆ ಡೆಮಾಕ್ರಟಿಕ್ ಪಕ್ಷದ ಟಿಕೆಟಿಗೆ ಸ್ಪರ್ಧಿಸಿದರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ತಾವು ಕಪ್ಪು ವರ್ಣದವರಾಗಿ ಪಟ್ಟ ಪಾಡಿಗಿಂತ ಹೆಣ್ಣಾಗಿ ಪಟ್ಟ ಪಾಡೇ ಹೆಚ್ಚು ಎಂದು ಅವರು ಮುಂದೆ ಹೇಳಿಕೊಂಡರು. ವರ್ಣದ ಅಡ್ಡಿ ಬೇರೆ, ಹೆಣ್ಣೆಂಬ ಅಡ್ಡಿ ಬೇರೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಲಾಗದು ಎಂಬುದು ಅಲ್ಲಿಂದಲೇ ಗೊತ್ತಾಗಿತ್ತು.

ಐದು ದಿನದಲ್ಲಿ ಬದಲಾದ ಲೆಕ್ಕ

2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ಪೈಪೋಟಿ ನಡೆಯಿತು. ಹೆಂಗಸರ ಓಟು ಹಿಲರಿಗೆ, ಕಪ್ಪು ವರ್ಣದವರ ಓಟು ಒಬಾಮಗೆ, ಬಿಳಿಯರು ಹೆಚ್ಚಿರುವ ಕಡೆ ಒಬಾಮಗೆ ಸೋಲು ಎಂಬುದು ಸುಲಭದ ಲೆಕ್ಕ. ನಡೆದದ್ದು ಬೇರೆ.

ಜನವರಿ 3ರಂದು ಮೊದಲ ಮತದಾನ ಅಯೋವಾ ರಾಜ್ಯದಲ್ಲಿ. ಅಲ್ಲಿನ ಜನ ಬಹುಪಾಲು ಬಿಳಿಯರು. ಗೆದ್ದವರು ಒಬಾಮ, ಹಿಲರಿ ಮೂರನೆಯ ಸ್ಥಾನಕ್ಕೆ ಹೋದರು. ಅಯೋವಾದ ಹೆಂಗಸರಲ್ಲೂ ಒಬಾಮ ಅವರೇ ಮುಂದಿದ್ದರು. ಐದು ದಿನ ಕಳೆದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮತದಾನವಾದಾಗ ಹೆಂಗಸರು ಹಿಲರಿ ಕಡೆ ವಾಲಿದರು, ಅವರೇ ಗೆದ್ದರು. ಇನ್ನು ಕಪ್ಪು ವರ್ಣದ ಮತದಾರರ ವಿಷಯ. 2007ರಲ್ಲಿ ಅವರಲ್ಲಿ ದೊಡ್ಡ ಭಾಗ ಹಿಲರಿ ಪರ ಇತ್ತು. ‘ಬಿಳಿಯರು ಒಬಾಮಗೆ ಓಟು ಹಾಕುವುದಿಲ್ಲ, ನಮ್ಮ ಓಟು ವ್ಯರ್ಥ ಯಾಕೆ’ ಎಂಬ ಅನುಮಾನ ಹಲವರಲ್ಲಿತ್ತು. ಅಯೋವಾದ ಫಲಿತಾಂಶ ಆ ಅನುಮಾನ ಕಳೆಯಿತು. ಜನವರಿ 26ರಂದು ದಕ್ಷಿಣ ಕೆರೊಲೈನಾದಲ್ಲಿ ಕಪ್ಪು ವರ್ಣದವರ ಓಟು ಐದರಲ್ಲಿ ಸುಮಾರು ನಾಲ್ಕು ಪಾಲು ಒಬಾಮಗೆ ಬಿತ್ತು.

ಗಮನಿಸಿ: ಈ ಕೆಲವೇ ವಾರಗಳಲ್ಲಿ ಯಾರ ಬಣ್ಣವೂ ಬದಲಾಗಲಿಲ್ಲ, ಯಾರೂ ಗಂಡು ಹೆಣ್ಣಾಗಲಿಲ್ಲ. ಬದಲಾದದ್ದು ‘ಇವರು ಗೆಲ್ಲಬಲ್ಲರು’ ಎಂಬ ನಂಬಿಕೆ. ‘ನನಗೇನೋ ಒಪ್ಪಿಗೆ, ಆದರೆ ಬೇರೆಯವರು ಒಪ್ಪುವುದಿಲ್ಲ’ ಎಂದು ಒಬ್ಬೊಬ್ಬರೂ ಅಂದುಕೊಂಡರೆ, ಎಲ್ಲರಿಗೂ ಒಪ್ಪಿಗೆಯಾದ ಅಭ್ಯರ್ಥಿಯೂ ಸೋಲುತ್ತಾರೆ.

ನಮ್ಮಲ್ಲೂ ಒಮ್ಮೆ ಪ್ರೈಮರಿ ನಡೆದಿತ್ತು

ತಮಿಳುನಾಡಿನಲ್ಲಿ ಆ ಹೆಸರಿನ ಚುನಾವಣೆ ಇಲ್ಲ. ಆದರೆ 1989ರ ವಿಧಾನಸಭಾ ಚುನಾವಣೆ ಒಂದು ಪಕ್ಷದ ಮಟ್ಟಿಗೆ ಪ್ರೈಮರಿಯೇ ಆಗಿತ್ತು.

ಎಂಜಿಆರ್ 1987ರ ಡಿಸೆಂಬರ್ 24ರಂದು ತೀರಿಕೊಂಡರು. ಎಐಎಡಿಎಂಕೆ ಎರಡು ಬಣವಾಯಿತು. ಒಂದು ಬಣ ಅವರ ಪತ್ನಿ ವಿ.ಎನ್. ಜಾನಕಿ ಅವರದು, ಇನ್ನೊಂದು ಪಕ್ಷದ ಪ್ರಚಾರ ಕಾರ್ಯದರ್ಶಿಯಾಗಿದ್ದ, ರಾಜ್ಯಸಭಾ ಸದಸ್ಯೆಯೂ ಆಗಿದ್ದ ಜಯಲಲಿತಾ ಅವರದು. ಹೆಚ್ಚಿನ ಶಾಸಕರು ಜಾನಕಿ ಅವರ ಬೆನ್ನಿಗಿದ್ದರು. 1988ರ ಜನವರಿಯಲ್ಲಿ ಜಾನಕಿ ಮುಖ್ಯಮಂತ್ರಿಯೂ ಆದರು, ಸರ್ಕಾರ ಒಂದು ತಿಂಗಳೂ ಉಳಿಯಲಿಲ್ಲ. ಎರಡೆಲೆ ಚಿಹ್ನೆಯನ್ನು ತಡೆಹಿಡಿದ ಕಾರಣ 1989ರಲ್ಲಿ ಜಾನಕಿ ಬಣ ಜೋಡಿ ಪಾರಿವಾಳದ ಚಿಹ್ನೆಯಲ್ಲಿ, ಜಯಲಲಿತಾ ಬಣ ಹುಂಜದ ಚಿಹ್ನೆಯಲ್ಲಿ ನಿಂತವು.

ಅಧಿಕಾರ ಹಿಡಿದದ್ದು ಡಿಎಂಕೆ. ಆದರೆ ಎರಡು ಬಣಗಳ ನಡುವಿನ ತೀರ್ಪು ಸ್ಪಷ್ಟವಾಗಿತ್ತು. ಜಯಲಲಿತಾ ಬಣಕ್ಕೆ ಸುಮಾರು ಶೇ 21 ಮತ, 27 ಸ್ಥಾನ. ಜಾನಕಿ ಬಣಕ್ಕೆ ಶೇ 9ರ ಆಸುಪಾಸು. ಬೋಡಿನಾಯಕ್ಕನೂರಿನಲ್ಲಿ ಜಯಲಲಿತಾ ಗೆದ್ದರು, ಆಂಡಿಪಟ್ಟಿಯಲ್ಲಿ ಜಾನಕಿ ಸೋತು ರಾಜಕೀಯವನ್ನೇ ಬಿಟ್ಟರು. ಬಣಗಳು ಒಂದಾದವು, ಎರಡೆಲೆ ಮರಳಿ ಬಂತು. ಶಾಸಕರು ಆರಿಸಿದ್ದು ಒಬ್ಬರನ್ನು, ಮತದಾರರು ಆರಿಸಿದ್ದು ಇನ್ನೊಬ್ಬರನ್ನು.

ಇಬ್ಬರೂ ಹೆಂಗಸರು. ಇಬ್ಬರ ಹುಟ್ಟೂರೂ ತಮಿಳುನಾಡಿನಲ್ಲಿಲ್ಲ. ಜಾನಕಿ ಹುಟ್ಟಿದ್ದು ಕೇರಳದ ವೈಕಂನಲ್ಲಿ, ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ. ಜಯಲಲಿತಾ ಬೆಂಗಳೂರಿನಲ್ಲಿ ಓದಿದವರು, ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು 1964ರ ಕನ್ನಡ ಚಿತ್ರ ‘ಚಿನ್ನದ ಗೊಂಬೆ’ಯಲ್ಲಿ. ಅದರ ಮೇಲೆ, ಬ್ರಾಹ್ಮಣ ವಿರೋಧಿ ಚಳವಳಿಯಿಂದ ಬೆಳೆದ ದ್ರಾವಿಡ ಪಕ್ಷವೊಂದರಲ್ಲಿ ಅವರು ಅಯ್ಯಂಗಾರ್ ಹೆಣ್ಣುಮಗಳು. ಕಾಗದದ ಮೇಲೆ ಬರೆದು ನೋಡಿದರೆ ಗೆಲ್ಲುವ ಯಾವ ಲಕ್ಷಣವೂ ಇಲ್ಲ. ಆದರೂ ಮತದಾರರು ಅವರಲ್ಲಿ ಎಂಜಿಆರ್ ನಂತರ ಪಕ್ಷ ನಡೆಸಬಲ್ಲ ಹೋರಾಟಗಾರ್ತಿಯನ್ನು ಕಂಡರು.

ಬರ್ಗೂರು: ಒಂದೇ ಕ್ಷೇತ್ರ, ಎರಡು ತೀರ್ಪು

ಕೃಷ್ಣಗಿರಿಯಿಂದ ಚೆನ್ನೈ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಬರ್ಗೂರು. ಬಟ್ಟೆ ಕೊಳ್ಳಲು ನಮ್ಮಲ್ಲಿ ಎಷ್ಟೋ ಮಂದಿ ಹೋಗುವ ಊರು. 1991ರಲ್ಲಿ, ಆಗಿನ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಈ ಕ್ಷೇತ್ರದಿಂದ ಜಯಲಲಿತಾ ಭಾರಿ ಅಂತರದಲ್ಲಿ ಗೆದ್ದರು. ರಾಜೀವ್ ಗಾಂಧಿ ಹತ್ಯೆಯ ನಂತರದ ಆ ಚುನಾವಣೆಯಲ್ಲಿ ಎಐಎಡಿಎಂಕೆ–ಕಾಂಗ್ರೆಸ್ ಕೂಟ 234ರಲ್ಲಿ 225 ಸ್ಥಾನ ಗಳಿಸಿತು. ಮೇಲುಕೋಟೆಯಲ್ಲಿ ಹುಟ್ಟಿದ ಹೆಣ್ಣುಮಗಳು ಬರ್ಗೂರಿನ ಶಾಸಕಿಯಾಗಿ ತಮಿಳುನಾಡಿನ ಮುಖ್ಯಮಂತ್ರಿಯಾದರು.

ಐದು ವರ್ಷದ ನಂತರ, 1996ರಲ್ಲಿ, ಅದೇ ಬರ್ಗೂರಿನಲ್ಲಿ ಡಿಎಂಕೆಯ ಇ.ಜಿ. ಸುಗವನಂ ಎದುರು 8,366 ಮತಗಳಿಂದ ಸೋತರು. ರಾಜ್ಯದಲ್ಲಿ ಅವರ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ ಸ್ಥಾನ.

ಸೋಲಿನ ನಂತರ ‘ಹೆಂಗಸು ಅಂತ ಸೋಲಿಸಿದರು’, ‘ಹೊರಗಿನವರು ಅಂತ ಸೋಲಿಸಿದರು’ ಎಂದು ಹೇಳುವುದು ಸುಲಭ. ಆದರೆ 1991ರಲ್ಲೂ ಅವರು ಹೆಂಗಸೇ, ಆಗಲೂ ಹುಟ್ಟೂರು ಮೇಲುಕೋಟೆಯೇ. ಬದಲಾದದ್ದು ಬೇರೆ: ಭ್ರಷ್ಟಾಚಾರದ ಆರೋಪಗಳು, 1995ರಲ್ಲಿ ಸಾಕುಮಗನಿಗೆ ಮಾಡಿದ ಆಡಂಬರದ ಮದುವೆ, ಕಾಂಗ್ರೆಸ್ ಒಡೆದು ಹುಟ್ಟಿದ ತಮಿಳು ಮಾನಿಲ ಕಾಂಗ್ರೆಸ್ ಡಿಎಂಕೆ ಜೊತೆ ಸೇರಿದ್ದು. ಬರ್ಗೂರಿನವರು ಐದು ವರ್ಷದ ಆಡಳಿತ ನೋಡಿ ಓಟು ಹಾಕಿದರು.

ಹಾಗೆಂದು ಹುಟ್ಟಿಗೆ ಬೆಲೆಯೇ ಇಲ್ಲ ಎನ್ನಲಾಗದು. ಹೊರಗಿನವರು ಎನಿಸಿಕೊಂಡವರು ಒಳಗಿನವರಿಗಿಂತ ಹೆಚ್ಚು ಸಾಬೀತು ಮಾಡಿ ತೋರಿಸಬೇಕಾಗುತ್ತದೆ. ತಮ್ಮ ಕುಟುಂಬದ ಬೇರು ಶ್ರೀರಂಗದಲ್ಲಿದೆ ಎಂದು ಜಯಲಲಿತಾ ಹೇಳುತ್ತಿದ್ದರು. ಕಾವೇರಿ ವಿಷಯದಲ್ಲಿ 1993ರ ಜುಲೈನಲ್ಲಿ ಮರೀನಾ ಬಳಿ ಉಪವಾಸ ಕೂತರು. ಅವರ ನಿಲುವಿನ ಬಿಸಿ ಗಡಿಯ ಎರಡೂ ಕಡೆಯ ನಮಗೆ ತಟ್ಟಿದೆ. ಹೆಂಗಸರ ಬೆಂಬಲವೂ ಅವರು ಹೆಣ್ಣೆಂಬ ಒಂದೇ ಕಾರಣಕ್ಕೆ ಬಂದದ್ದಲ್ಲ. ಎಂಜಿಆರ್ ಕಾಲದ ಬಿಸಿಯೂಟದಿಂದ ಆ ಪಕ್ಷಕ್ಕೆ ಮಹಿಳೆಯರ ಒಲವು ಇತ್ತು. 1992ರಲ್ಲಿ ಶುರುವಾದ ಮಹಿಳಾ ಪೊಲೀಸ್ ಠಾಣೆಗಳು, ಹೆಣ್ಣು ಶಿಶುಗಳನ್ನು ಉಳಿಸುವ ತೊಟ್ಟಿಲು ಯೋಜನೆ ಅದನ್ನು ಬೆಳೆಸಿದವು.

ಭಾಷೆ ಯಾವಾಗ ಓಟಾಗುತ್ತದೆ?

ಭಾಷೆಯೇ ಆ ಹೊತ್ತಿನ ಪ್ರಶ್ನೆಯಾದಾಗ ಭಾಷೆ ಓಟಾಗುತ್ತದೆ. ಕಾಸರಗೋಡು ಇದಕ್ಕೆ ಸಾಕ್ಷಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಬಳಿಕ ಕರ್ನಾಟಕ ಏಕೀಕರಣದ ದನಿಯಾಗಿ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಆದರೆ 1970ರಲ್ಲಿ ಅದೇ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರನ್ನು ಆರಿಸಿತು. ಜನ ಕನ್ನಡ ಮರೆತಿರಲಿಲ್ಲ. ಭೂಮಿ, ಗೇಣಿಯಂಥ ಪ್ರಶ್ನೆಗಳೂ ಮುಂದೆ ಬಂದಿದ್ದವು.

ನಮ್ಮ ಭಾಗದಲ್ಲಿ ಇನ್ನೊಂದು ಬಗೆ. ಹೊಸೂರಿನಿಂದ ಮೂರು ಬಾರಿ ಶಾಸಕರಾಗಿದ್ದ ಕೆ. ಗೋಪಿನಾಥ್ 2024ರಲ್ಲಿ ಕೃಷ್ಣಗಿರಿಯ ಸಂಸದರಾದಾಗ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅವರ ಕ್ಷೇತ್ರದಲ್ಲಿ ತಮಿಳರೇ ಹೆಚ್ಚು. ಮನೆಮಾತು ಬೇರೆಯಾದ ಮಾತ್ರಕ್ಕೆ ತಮಿಳು ಮತದಾರರು ಕೈಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ನಿಜವಾದ ತಡೆ ಬಾಗಿಲಲ್ಲೇ ಇದೆ

ಹಾಗಾದರೆ ಅಡ್ಡಿ ಎಲ್ಲಿದೆ? ಓಟಿನ ಪೆಟ್ಟಿಗೆಗೆ ಮೊದಲೇ, ಟಿಕೆಟ್ ಹಂಚುವಲ್ಲಿದೆ. ತಮಿಳುನಾಡಿನ ಮತದಾರರ ಪಟ್ಟಿಯಲ್ಲಿ ಹೆಂಗಸರೇ ಹೆಚ್ಚು. ಆದರೆ 2021ರಲ್ಲಿ 234 ಶಾಸಕರಲ್ಲಿ ಹೆಂಗಸರು 12 ಮಂದಿ. ಕರ್ನಾಟಕವೂ ಮೇಲಲ್ಲ, 2023ರಲ್ಲಿ 224ರಲ್ಲಿ 10. 2021ರಲ್ಲಿ ನಮ್ಮ ಜಿಲ್ಲೆಯ ಆರೂ ಕ್ಷೇತ್ರಗಳಲ್ಲಿ, ಎಂದರೆ ಹೊಸೂರು, ತಳಿ, ವೇಪನಹಳ್ಳಿ, ಕೃಷ್ಣಗಿರಿ, ಬರ್ಗೂರು, ಊತಂಗರೆಗಳಲ್ಲಿ, ಗೆದ್ದವರೆಲ್ಲ ಗಂಡಸರು. ಅದಕ್ಕೆ ಹಿಂದಿನ ಎರಡು ಚುನಾವಣೆಗಳಲ್ಲಿ ಊತಂಗರೆ ಮಹಿಳೆಯನ್ನು ಗೆಲ್ಲಿಸಿ ಕಳಿಸಿತ್ತು ಎಂಬುದನ್ನೂ ನೆನೆಯಬೇಕು.

ದೊಡ್ಡ ಪಕ್ಷಗಳಿಂದ ಹೆಂಗಸಿಗೆ ಟಿಕೆಟ್ ಸಿಕ್ಕರೂ ಅನೇಕ ಸಲ ಮನೆಯ ಗಂಡಸಿನ ಜಾಗ ತೆರವಾದಾಗ ಸಿಗುತ್ತದೆ. 2019ರ ಹೊಸೂರು ಉಪಚುನಾವಣೆಯಲ್ಲಿ ಪಿ. ಬಾಲಕೃಷ್ಣ ರೆಡ್ಡಿ ಅವರ ಸ್ಥಾನ ತೆರವಾದಾಗ ಎಐಎಡಿಎಂಕೆ ಟಿಕೆಟ್ ಅವರ ಪತ್ನಿ ಜ್ಯೋತಿ ಅವರಿಗೆ ಬಂತು. ಇನ್ನೊಂದು ಕಡೆ, ನಾಮ್ ತಮಿಳರ್ ಪಕ್ಷ 2021ರಲ್ಲಿ ಅರ್ಧಕ್ಕೆ ಅರ್ಧ, 117 ಮಹಿಳೆಯರನ್ನು ನಿಲ್ಲಿಸಿತು. ಒಬ್ಬರೂ ಗೆಲ್ಲಲಿಲ್ಲ, ಆ ಪಕ್ಷದ ಗಂಡಸರೂ ಗೆಲ್ಲಲಿಲ್ಲ. ಹೆಂಗಸರಿಗೆ ಬಾಗಿಲು ತೆರೆದ ಅದೇ ಪಕ್ಷ ತಮಿಳುನಾಡನ್ನು ತಮಿಳರೇ ಆಳಬೇಕು ಎನ್ನುತ್ತದೆ. ಒಂದು ಅಡ್ಡಿ ತೆಗೆದವರು ಇನ್ನೊಂದನ್ನೂ ತೆಗೆಯುತ್ತಾರೆ ಎಂದು ನಂಬಿ ಕೂರಲಾಗದು.

ಮೀಸಲಾತಿ ಈ ಬಾಗಿಲನ್ನು ಕಾನೂನಿನಿಂದ ತೆರೆಸುತ್ತದೆ. ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಿತ್ತು. ತಮಿಳುನಾಡು 2016ರಲ್ಲಿ ಸ್ಥಳೀಯ ಸಂಸ್ಥೆಗಳಲ್ಲಿ ಶೇ 50ಕ್ಕೆ ಏರಿಸಿತು. 2022ರ ಹೊಸೂರು ಮಹಾನಗರ ಪಾಲಿಕೆ ಚುನಾವಣೆ ನಡೆದದ್ದು ಅದರಂತೆ. ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ 106ನೇ ತಿದ್ದುಪಡಿ 2023ರಲ್ಲಿ ಪಾಸಾಗಿದೆ. ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಜೋಡಿಸಲಾಗಿದೆ.

ನಮ್ಮಿಂದ ಆಗುವುದು

ಮೊದಲನೆಯದು, ಮತದಾರರ ಪಟ್ಟಿ. ಆನೇಕಲ್, ಕನಕಪುರ, ಮಾಲೂರು ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಎಷ್ಟೋ ಹೆಣ್ಣುಮಕ್ಕಳ ಹೆಸರು ಇನ್ನೂ ತವರೂರ ಪಟ್ಟಿಯಲ್ಲೇ ಇರುತ್ತದೆ. ಅಲ್ಲಿ ಹೋಗಿ ಹಾಕುವುದಿಲ್ಲ, ಇಲ್ಲಿ ಹಾಕಲಾಗುವುದಿಲ್ಲ. ಹೀಗೆ ಕನ್ನಡದ ಓಟು ಮತ್ತು ಹೆಣ್ಣಿನ ಓಟು ಎರಡೂ ಒಟ್ಟಿಗೆ ಹೋಗುತ್ತವೆ. ವಿಳಾಸ ಬದಲಾವಣೆ, ತಿದ್ದುಪಡಿಗೆ ಫಾರ್ಮ್ 8, ಹೊಸದಾಗಿ ಸೇರಲು ಫಾರ್ಮ್ 6. ಸಹಾಯವಾಣಿ 1950. ಮನೆಯ ಸೊಸೆಯ ಹೆಸರು ಎಲ್ಲಿದೆ ಎಂದು ಇಂದೇ ನೋಡಿ.

ಎರಡನೆಯದು, ಟಿಕೆಟ್ ಘೋಷಣೆಯಾದ ಮೇಲೆ ಗೊಣಗುವ ಬದಲು ಅದಕ್ಕೆ ಮೊದಲೇ ಕೇಳುವುದು. ನಮ್ಮಲ್ಲಿ ಪ್ರೈಮರಿ ಇಲ್ಲ, ನಿಜ. ಆದರೆ ವಾರ್ಡಿನ, ಪಂಚಾಯತಿಯ ಮಟ್ಟದಲ್ಲಿ ಪಕ್ಷದವರು ಹೆಸರು ಹುಡುಕುವಾಗ ಸಂಘಗಳ ಹಿರಿಯರನ್ನು ಕೇಳುವುದುಂಟು. ಆಗ ಸಮರ್ಥ ಹೆಣ್ಣುಮಕ್ಕಳ ಹೆಸರು ಹೇಳೋಣ. ಅವರು ಗೆದ್ದರೆ ಕುರ್ಚಿಯಲ್ಲಿ ಗಂಡನೋ ಮಗನೋ ಕೂರದ ಹಾಗೆಯೂ ನೋಡಿಕೊಳ್ಳೋಣ.

ಮೂರನೆಯದು, ‘ಬೇರೆಯವರು ಒಪ್ಪುವುದಿಲ್ಲ’ ಎಂಬ ಮಾತನ್ನು ನಾವೇ ಹರಡದಿರುವುದು. ಬರ್ಗೂರಿನ ಜನ 1991ರಲ್ಲಿ ಮೇಲುಕೋಟೆಯವರನ್ನು ಒಪ್ಪಿದರು, 1996ರಲ್ಲಿ ಕೆಲಸ ನೋಡಿ ಬೇಡವೆಂದರು. ನಮ್ಮವರು ನಿಂತಾಗಲೂ ಬೇರೆಯವರು ನಿಂತಾಗಲೂ ನಾವು ಹಿಡಿಯಬೇಕಾದ ಅಳತೆಗೋಲು ಅದೇ.